ನಾಲ್ಕು ಸೀಟಿನ ಗಾಡಿ

ಇಲಿಯಾಸ್ ಅವರ ಶೋರೂಮಿನಲ್ಲಿ ಮೊದಲು ಬಣ್ಣ ಕೇಳುವುದಿಲ್ಲ. ಪೆಟ್ರೋಲೋ ಡೀಸೆಲ್ಲೋ ಎಂದೂ ಕೇಳುವುದಿಲ್ಲ. ಬಂದವರಿಗೆ ಕುಡಿಯಲು ನೀರು ಕೊಟ್ಟು, ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ಮನೇಲಿ ಎಷ್ಟು ಜನ?" ಎನ್ನುತ್ತಾರೆ. ಅವರ ತಂದೆಯೂ ಹಾಗೇ ಕೇಳುತ್ತಿದ್ದರಂತೆ. ನಮ್ಮ ಊರಿನಲ್ಲಿ ಕಾರು ಕೊಳ್ಳಲು ಹೋದವರು ಆ ಒಂದು ಪ್ರಶ್ನೆಗೆ ಉತ್ತರ ಹೇಳಲೇಬೇಕು. ಯಾಕೆಂದರೆ ಒಂದು ಸೀಟು ಖಾಲಿ ಇದ್ದರೂ ಇಲ್ಲಿ ಕಾರು ಹೊರಡುವುದಿಲ್ಲ. ಒಬ್ಬರು ಹೆಚ್ಚಾದರೂ ಹೊರಡುವುದಿಲ್ಲ. ತೊಡೆಯ ಮೇಲಿನ ಕೂಸನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯದು. ಬಸ್ಸಿಗೆ, ಲಾರಿಗೆ ಈ ಹಟವಿಲ್ಲ. ಹಿಂದೆ ಜನ ಮರಳಿನ ಚೀಲ ಕೂರಿಸಿ ನೋಡಿದ್ದರಂತೆ, ಬಟ್ಟೆ ಅಂಗಡಿಯ ಗೊಂಬೆಗೆ ಸೀರೆ ಉಡಿಸಿ ಕೂರಿಸಿದ್ದರಂತೆ, ಯಾರೋ ಒಬ್ಬರು ಹೋತಕ್ಕೆ ಬೆಲ್ಟು ಹಾಕಿದ್ದರಂತೆ. ಹೋತ ಸೀಟಿನ ಸ್ಪಂಜು ತಿಂದಿತು, ಕಾರು ಅಲ್ಲಾಡಲಿಲ್ಲ. ಸೀಟನ್ನೇ ಕಿತ್ತುಹಾಕಿದರೂ ಕಾರಿಗೆ ಆ ಜಾಗ ನೆನಪಿರುತ್ತದೆ. ಈಗ ಯಾರೂ ಅಂಥ ಪ್ರಯತ್ನ ಮಾಡುವುದಿಲ್ಲ. ಮನೆಮಂದಿಯನ್ನು ಎಣಿಸಿ ಕಾರು ಕೊಳ್ಳುತ್ತೇವೆ.

ನಾವು ಐದು ಜನ ಹೋಗಿದ್ದೆವು. ಅಪ್ಪ, ಅಮ್ಮ, ಅಣ್ಣ ಶಶಿಧರ, ಅತ್ತಿಗೆ ಚೈತ್ರಾ, ನಾನು. ನನ್ನ ಹೆಸರು ವನಜಾಕ್ಷಿ. ಅದು ಅಜ್ಜಿಯ ಹೆಸರು, ನನಗೆ ಸ್ವಲ್ಪ ದೊಗಳೆ. ಎಂ.ಎ. ಮುಗಿಸಿ ಆಗ ಒಂದು ವರ್ಷ ಕಳೆದಿತ್ತು. ನಮ್ಮ ಹಳೆಯ ಕಾರು ಐದು ಸೀಟಿನದು, ಅದನ್ನು ಕೊಂಡಾಗ ಐದನೆಯವರು ಅಜ್ಜಿ. ಅಜ್ಜಿ ಹೋದ ಮೇಲೆ ಎರಡು ವರ್ಷ ಅದು ಶೆಡ್ಡಿನಲ್ಲಿ ನಿಂತೇ ಇತ್ತು. ಅತ್ತಿಗೆ ಮದುವೆಯಾಗಿ ಬಂದ ಮಾರನೆಯ ದಿನ ಮತ್ತೆ ಹೊರಟಿತು. ಅಮ್ಮ ಇವತ್ತಿಗೂ ಬಂದವರ ಮುಂದೆ ಸೊಸೆಯನ್ನು "ಗಾಡಿ ಹೊರಡಿಸಿದ ಹುಡುಗಿ" ಎಂದೇ ಪರಿಚಯಿಸುತ್ತಾಳೆ. ಆ ಕಾರಿನ ತಳ ಈಗ ತುಕ್ಕು ಹಿಡಿದು ತೂತಾಗಿತ್ತು. ಹಿಂದಿನ ಸೀಟಿನಲ್ಲಿ ಕೂತು ತಲೆ ತಗ್ಗಿಸಿದರೆ ಕಾಲ ಸಂದಿಯಲ್ಲಿ ರಸ್ತೆ ಓಡುವುದು ಕಾಣುತ್ತಿತ್ತು. ನಾನು ಯಾವಾಗಲೂ ತಲೆ ತಗ್ಗಿಸಿಯೇ ಕೂರುವವಳಾದ್ದರಿಂದ ಅದು ಮೊದಲು ಕಂಡದ್ದೂ ನನಗೇ.

ಅಣ್ಣ ಕಾಲೇಜಿನಲ್ಲಿದ್ದಾಗ ನಾನೂರು ಮೀಟರ್ ಓಟಗಾರ. ಈಗ ಸರ್ವೆ ಆಫೀಸಿನಲ್ಲಿ ನಕಾಶೆಗಳ ಮುಂದೆ ಕೂರುತ್ತಾನೆ, ಹೊಟ್ಟೆ ಬಂದಿದೆ. ಹೊಸ ಗಾಡಿಯ ಮಾತು ಶುರುವಾದಾಗಿನಿಂದ ಅವನ ನಡಿಗೆಯೇ ಬೇರೆಯಾಗಿತ್ತು. "ನಿಂತಿದ್ರೂ ಓಡ್ತಿರೋ ಹಾಗೆ ಕಾಣ್ಬೇಕು ಕಣಮ್ಮ ಗಾಡಿ," ಎನ್ನುತ್ತಿದ್ದ. "ನಿಂತಿದ್ರೆ ನಿಂತಿರೋ ಹಾಗೇ ಕಾಣ್ಲಿ ಬಿಡಪ್ಪ. ಡಿಕ್ಕಿ ಎಷ್ಟಿದೆ ಅದನ್ನ ಹೇಳು," ಎನ್ನುತ್ತಿದ್ದಳು ಅಮ್ಮ. ಶೋರೂಮಿಗೆ ಹೊರಟಾಗ ಅವಳು ಒಂದು ಹುರಿ ತಂದಿದ್ದಳು. ಅದರಲ್ಲಿ ಮೂರು ಗಂಟು. ಮೊದಲನೆಯ ಗಂಟಿನವರೆಗೆ ಗ್ಯಾಸ್ ಸಿಲಿಂಡರ್, ಎರಡನೆಯದರವರೆಗೆ ರಾಗಿ ಹಿಟ್ಟಿನ ಡಬ್ಬ, ಪೂರ್ತಿ ಹುರಿ ಎಂದರೆ ಮಲಗಿಸಿದ ಅಕ್ಕಿ ಮೂಟೆ.

"ಮನೇಲಿ ಎಷ್ಟು ಜನ?" ಎಂದರು ಇಲಿಯಾಸ್.

ಅಪ್ಪ ತಕ್ಷಣ ಉತ್ತರ ಕೊಡಲಿಲ್ಲ. ಅವರು ನೀರು ಸರಬರಾಜು ಇಲಾಖೆಯಲ್ಲಿ ಮೂವತ್ತು ವರ್ಷ ಯಾವ ಬೀದಿಗೆ ಯಾವ ಹೊತ್ತು ನೀರು ಬಿಡಬೇಕೆಂದು ನಿರ್ಧರಿಸಿದವರು. ಕೇಳಿದವರಿಗೆ ಕೂಡಲೇ ಹೇಳಿ ಅಭ್ಯಾಸವಿಲ್ಲ. ತಲೆ ಎತ್ತಿ ಫ್ಯಾನ್ ನೋಡಿದರು. "ಮೊದಲು ಗಾಡಿ ತೋರಿಸಿ. ಆಮೇಲೆ ಹೇಳ್ತೀನಿ."

ಇಲಿಯಾಸ್ ನಕ್ಕರು. "ಹೀಗೆ ಅಂದವರು ನೀವೇ ಮೊದಲು ಸರ್," ಎಂದು, ಸುಮ್ಮನೆ ನಮ್ಮನ್ನು ಎಣಿಸಿದರು. ಅವರ ಕಣ್ಣು ನನ್ನ ಮೇಲೆ ಬಂದು ನಿಂತಿತು. ಆಮೇಲೆ ಅರ್ಥವಾದವರಂತೆ ಬೇರೆ ಕಡೆ ಹೊರಳಿತು. ಅಪ್ಪ ಯಾಕೆ ತಡೆದರೆಂದು ನನಗೂ ಗೊತ್ತಿತ್ತು. ಹತ್ತು ದಿನದ ಹಿಂದೆ ಮೇಲಿನ ಬೀದಿಯಿಂದ ಗಂಡಿನ ಕಡೆಯವರು ಬಂದು ನನ್ನನ್ನು ನೋಡಿ ಹೋಗಿದ್ದರು. ಹುಡುಗ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದ, ಅದರ ಮೇಲೆ ಅಮ್ಮ ಬಹಳ ಭರವಸೆ ಇಟ್ಟಿದ್ದಳು. ಮದುವೆಗೆ ಬಂದ ಹುಡುಗಿ ಇರುವ ಮನೆಯವರು ಗಾಡಿ ಕೊಳ್ಳುವಾಗ ಅವಳಿಗೆಂದು ಸೀಟು ಹಿಡಿಯಬಾರದು, ಹಿಡಿದರೆ ಅವಳು ಅಲ್ಲೇ ಕೂತುಬಿಡುತ್ತಾಳೆ ಎನ್ನುವುದು ನಮ್ಮ ಕಡೆಯ ಮಾತು. ಅಮ್ಮ ಮದುವೆಯಾಗುವ ಮೊದಲು ಅವಳ ತವರಿನಲ್ಲೂ ಹಾಗೇ ಮಾಡಿದ್ದರಂತೆ. ಅವಳು ಆರು ತಿಂಗಳು ಎಲ್ಲಿಗೆ ಹೋದರೂ ನಡೆದೇ ಹೋದಳಂತೆ, ಏಳನೆಯ ತಿಂಗಳು ಅಪ್ಪ ಬಂದರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆಯೇ ಇರುತ್ತದೆ.

ಮೊದಲು ಬಿಳಿಯ ದೊಡ್ಡ ಗಾಡಿ ತೋರಿಸಿದರು, ಐದು ಸೀಟಿನದು. ಐವರೂ ಹತ್ತಿ ಕೂತೆವು. ನಾನು ಹಿಂದೆ ನಡುವೆ, ಅತ್ತಿಗೆಗೂ ಅಮ್ಮನಿಗೂ ಮೊಣಕೈ ತಾಗದ ಹಾಗೆ. ಕೋಟೆಯ ಏರಿನವರೆಗೆ ಹೋಗಿ ಬಂದೆವು. "ಎಮ್ಮೆ ಏರು ಹತ್ತಿದ ಹಾಗೆ ಹತ್ತುತ್ತೆ," ಎಂದ ಅಣ್ಣ. "ಎಮ್ಮೆ ಹಾಲಾದ್ರೂ ಕೊಡುತ್ತೆ. ನಿನ್ನ ಕುದುರೆ ಏನು ಕೊಡುತ್ತೆ?" ಎಂದಳು ಅಮ್ಮ. ಆ ಗಳಿಗೆಯಲ್ಲಿ ನನಗೆ ಅಮ್ಮನ ಮೇಲೆ ಎಂದೂ ಇಲ್ಲದ ಪ್ರೀತಿ ಬಂತು. ಅವಳು ಐದರ ಕಡೆಗಿದ್ದಾಳೆ ಎಂದುಕೊಂಡೆ. ಆದರೆ ಇಳಿದ ಮೇಲೆ ಅವಳು ಡಿಕ್ಕಿ ತೆಗೆಸಿ ಹುರಿ ಇಟ್ಟು ನೋಡಿದಳು. ಮೂರನೆಯ ಗಂಟು ಹೊರಗೇ ಉಳಿಯಿತು.

ಎರಡನೆಯದು ನೇರಳೆ ಹಣ್ಣಿನ ಬಣ್ಣದ್ದು. ತಗ್ಗಾಗಿ, ಮುಂದಕ್ಕೆ ಬಾಗಿ, ಹಾರಲು ಸಿದ್ಧವಾದ ಬೆಕ್ಕಿನ ಹಾಗೆ ನಿಂತಿತ್ತು. ಸೀಟು ನಾಲ್ಕು. ಹಿಂದೆ ಎರಡು ಸೀಟು ಬಿಡಿಬಿಡಿಯಾಗಿ ಇದ್ದುದರಿಂದ ಡಿಕ್ಕಿ ಅವುಗಳ ನಡುವಿನವರೆಗೂ ಚಾಚಿತ್ತು. "ಓಟಕ್ಕೆ ಕುದುರೆ, ಹೊರೆಗೆ ಎತ್ತು. ಎರಡೂ ಒಂದರಲ್ಲೇ ಇದೆ ಅಮ್ಮ," ಎಂದರು ಇಲಿಯಾಸ್. ಅಮ್ಮ ಹುರಿ ಇಟ್ಟಳು. ಇನ್ನೂ ಒಂದು ಗೇಣು ಮಿಕ್ಕಿತು. "ಅಕ್ಕಿ ಮೂಟೆ ಆರಾಮಾಗಿ ಮಲಗುತ್ತೆ," ಎಂದಳು. ಅಣ್ಣ ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದ.

ಓಡಿಸಿ ನೋಡಲು ನಾಲ್ವರು ಹೋಗಬೇಕಿತ್ತು. ಯಾರು ಎಂದು ಯಾರೂ ಕೇಳಲಿಲ್ಲ. ಅಮ್ಮ ಹುರಿಯನ್ನೂ ಕೈಚೀಲವನ್ನೂ ನನ್ನ ಕೈಗೆ ಕೊಟ್ಟಳು. ಅತ್ತಿಗೆ ಮಾತ್ರ ಒಂದು ಕಾಲು ಒಳಗಿಟ್ಟು, "ಮಾವ, ವನಜ?" ಎಂದಳು. "ಅವಳದ್ದು ಇನ್ನೊಂದು ತಿಂಗಳಲ್ಲಿ ಗೊತ್ತಾಗುತ್ತಲ್ಲಮ್ಮ," ಎಂದರು ಅಪ್ಪ. ಬಾಗಿಲುಗಳು ಮುಚ್ಚಿದವು. ಹೊಸ ಕಾರಿನ ಬಾಗಿಲು ಮುಚ್ಚುವ ಸದ್ದು ಎಷ್ಟು ಮೆತ್ತಗಿರುತ್ತದೆ ಎನ್ನುವುದು ಹೊರಗೆ ನಿಂತವರಿಗೆ ಮಾತ್ರ ತಿಳಿಯುತ್ತದೆ. ನಾನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವರು ಕೊಟ್ಟ ಟೀ ಕುಡಿದೆ. ಹುರಿಯ ಗಂಟುಗಳನ್ನು ಬಿಚ್ಚಬೇಕೆನ್ನಿಸಿತು, ಬಿಚ್ಚಲಿಲ್ಲ. "ಒಳ್ಳೇದಾಗ್ಲಿ ತಂಗಿ," ಎಂದರು ಇಲಿಯಾಸ್. ಅವರು ಮದುವೆ ಗೊತ್ತಾಗಿದೆ ಎಂದೇ ತಿಳಿದಿದ್ದರು. ನಾನು ತಲೆ ಆಡಿಸಿದೆ.

ಅವರು ಹಿಂತಿರುಗಿದಾಗ ಅಣ್ಣನ ಮುಖ ಓಟ ಗೆದ್ದು ಬಂದವನ ಹಾಗಿತ್ತು. ಇಲಿಯಾಸ್ ಮತ್ತೆ ಕೇಳಿದರು. ಅಪ್ಪ ಈ ಸಲ ಫ್ಯಾನ್ ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. "ನಾಲ್ಕು," ಎಂದರು.

ಆ ದಿನದ ಡೈರಿಯಲ್ಲಿ ಎರಡೇ ಸಾಲಿದೆ. "ಇವತ್ತು ಕಾರು ಕೊಂಡೆವು. ನೇರಳೆ ಬಣ್ಣ."

ಮೇಲಿನ ಬೀದಿಯವರು ಹೇಳಿಕಳಿಸಿದ್ದು ಒಂದು ತಿಂಗಳಿಗಲ್ಲ, ಎರಡು ತಿಂಗಳಿಗೆ. "ನಮ್ಮದು ಸದ್ಯಕ್ಕೆ ಭರ್ತಿ ಇದೆ." ನಮ್ಮ ಊರಿನಲ್ಲಿ ಬೇಡ ಎನ್ನುವುದಕ್ಕೆ ಮರ್ಯಾದೆಯ ಮಾತು ಅದು. ಅವರದೂ ನಾಲ್ಕು ಸೀಟಿನ ಗಾಡಿ, ಹುಡುಗನ ತಂಗಿಯ ಮದುವೆ ಇನ್ನೂ ಗೊತ್ತಾಗಿರಲಿಲ್ಲ, ಅದು ನಿಜವೂ ಇರಬಹುದು. ಅಮ್ಮ ಮೂರು ದಿನ ಉಪ್ಪಿಟ್ಟು ಮಾಡಲಿಲ್ಲ. ಅಪ್ಪ ಆ ವಾರ ಗಾಡಿಯನ್ನು ಎರಡು ಸಲ ತೊಳೆದರು.

ಭಾನುವಾರಗಳಂದು ನಾಲ್ವರು ಹೊರಡುತ್ತಿದ್ದರು. ಹೊರಡುವ ಮುಂಚೆ ಮನೆಯಲ್ಲಿ ಒಂದು ಬಗೆಯ ಸಂಕೋಚ ಓಡಾಡುತ್ತಿತ್ತು, ಎಲ್ಲರೂ ಸ್ವಲ್ಪ ಜೋರಾಗಿ ಚಪ್ಪಲಿ ಹುಡುಕುತ್ತಿದ್ದರು. ನಾನು ಅದಕ್ಕೆ ಮೊದಲೇ "ನನಗೆ ಓದೋದಿದೆ" ಎಂದುಬಿಡುತ್ತಿದ್ದೆ. ಓದುವುದೆಲ್ಲ ಮುಗಿದಿತ್ತು ಎಂದು ಅವರಿಗೂ ಗೊತ್ತು. ಅತ್ತಿಗೆ ಒಂದೆರಡು ಸಲ "ಇವತ್ತು ನನಗೆ ತಲೆನೋವು, ನೀನು ಹೋಗು" ಎಂದಳು. ಬೇಡ ಎಂದೆ. ಯಾರದೋ ತಲೆನೋವಿನ ಮೇಲೆ ಕೂರುವುದು ನನಗೆ ಬೇಕಿರಲಿಲ್ಲ. ಹೀಗೆ ಅನ್ನುವಾಗ ನನ್ನ ದನಿ ತಣ್ಣಗೇ ಇರುತ್ತಿತ್ತು. ಆಮೇಲೆ ಕೋಣೆಗೆ ಹೋಗಿ ಡೈರಿಯಲ್ಲಿ ಪುಟಗಟ್ಟಲೆ ಬರೆದು, ಮಾರನೆಯ ದಿನ ಅದನ್ನು ಹರಿದು ಒಲೆಗೆ ಹಾಕುತ್ತಿದ್ದೆ.

ನಮ್ಮ ಪಕ್ಕದ ಮನೆಯ ಲೀಲಾವತಿ ಟೀಚರದು ಎರಡು ಸೀಟಿನ ಪುಟ್ಟ ಗಾಡಿ. ಅವರ ಯಜಮಾನರು ತೀರಿಕೊಂಡ ಮೇಲೆ ಅದು ಟಾರ್ಪಾಲು ಹೊದ್ದು ನಿಂತಿತ್ತು. ಒಂದು ಬೆಳಿಗ್ಗೆ ಅವರು ಕಾಂಪೌಂಡಿನ ಮೇಲಿಂದ ಇಣುಕಿ, "ಒಂದು ಹತ್ತು ನಿಮಿಷ ಭರ್ತಿಗೆ ಬರ್ತೀಯೇನಮ್ಮಾ? ಕಣ್ಣಿಗೆ ಡ್ರಾಪ್ಸ್ ತರಬೇಕು," ಎಂದರು. ಹೋದೆ. ಮನೆಗೆ ಮರಳಿ ಎಂಜಿನ್ ಆರಿಸಿದ ಮೇಲೆ ಟೀಚರು, "ಅವರು ಕೂತ್ರೆ ಸೀಟು ಕಿರ್ ಅಂತಿತ್ತು. ನೀನು ಕೂತ್ರೆ ಸದ್ದೇ ಇಲ್ಲ," ಎಂದು ಅತ್ತರು. ನಾನು ಡ್ರಾಪ್ಸ್ ಶೀಶೆಯನ್ನು ಅವರ ಕೈಗೆ ಕೊಟ್ಟು ಇಳಿದೆ. ಆದರೆ ಯಾರೋ ಕರೆದು, ಇಲ್ಲಿ ಕೂತ್ಕೊ ಎಂದು ಸೀಟು ತೋರಿಸಿದ್ದು, ನಾನು ಕೂತದ್ದರಿಂದಲೇ ಒಂದು ಗಾಡಿ ಹೊರಟದ್ದು ಆ ದಿನವೆಲ್ಲ ಮೈಯಲ್ಲಿ ಇತ್ತು.

ಹೀಗೆ ಶುರುವಾಗಿ, ಮಳೆಗಾಲ ಮುಗಿಯುವಷ್ಟರಲ್ಲಿ ನಾನು ತೂಕದ ಕಟ್ಟೆಗೆ ಹೋಗತೊಡಗಿದ್ದೆ. ಹತ್ತಿ ಗಾಡಿಗಳನ್ನು ತೂಗುತ್ತಿದ್ದ ಹಳೆಯ ಕಟ್ಟೆ ಅದು, ಈಗ ಭರ್ತಿಯವರು ಕಾಯುವ ಜಾಗ. ಮಗ ಹಾಸ್ಟೆಲಿಗೆ ಹೋದವರು, ಹೆಂಡತಿ ಮುನಿಸಿಕೊಂಡು ತವರಿಗೆ ಹೋದವರು, ಮನೆಯಲ್ಲಿ ಒಬ್ಬರು ಸತ್ತು ಇನ್ನೂ ಗಾಡಿ ಬದಲಿಸದವರು, ಎಲ್ಲರೂ ಅಲ್ಲಿಗೆ ಬರಬೇಕು. ಕಟ್ಟೆಯ ಹಿರಿಯಳು ಸಾಕಮ್ಮ. ಇಪ್ಪತ್ತು ವರ್ಷದಿಂದ ಭರ್ತಿಗೆ ಹೋಗುವವಳು, ಸ್ವಂತ ಗಾಡಿಯಲ್ಲಿ ಒಂದು ಸಲವೂ ಕೂತವಳಲ್ಲ. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂಥಾ ಓದಿದ್ದೀಯೆ?" ಎಂದಳು. ಇತಿಹಾಸ ಎಂದೆ. "ಅದಾದ್ರೆ ಸರಿ. ಸತ್ತೋರ ಜಾಗದಲ್ಲಿ ಕೂರೋದು ಒಗ್ಗುತ್ತೆ."

ಅವಳೇ ನನಗೆ ಕೆಲಸ ಕಲಿಸಿದಳು. ಹತ್ತುವ ಮುಂಚೆ "ಯಾವ ಸೀಟು?" ಎಂದು ಕೇಳಬೇಕು, ನಾವಾಗಿಯೇ ಕೂರಬಾರದು. ಚೀಲ ತೊಡೆಯ ಮೇಲೆ ಇಡಬಾರದು, ಕಾಲ ಬಳಿ ಇಡಬೇಕು. ಬೆನ್ನು ಸೀಟಿಗೆ ತಾಗಿರಬೇಕು, ಪಾದ ಎರಡೂ ನೆಲದ ಮೇಲೆ ಇರಬೇಕು. ಮನೆಯವರು ತಮ್ಮತಮ್ಮಲ್ಲಿ ಮಾತಾಡಿದರೆ ನಮ್ಮ ಮಂಡಿ ನೋಡುತ್ತಿರಬೇಕು, ಬಾಯಿ ಹಾಕಬಾರದು. ನಿದ್ದೆ ಮಾಡಬಹುದು, ನಿದ್ದೆ ಮಾಡಿದವರನ್ನೂ ಗಾಡಿ ಒಪ್ಪುತ್ತದೆ. "ಅರ್ಧ ಮನಸ್ಸಲ್ಲಿ ಮಾತ್ರ ಕೂರಬ್ಯಾಡ. ಎದ್ದು ಹೋಗ್ಬೇಕು ಅಂತ ಕೂತ್ರೆ ಗಾಡಿ ಮುಗ್ಗರಿಸಿ ನಿಲ್ಲುತ್ತೆ. ಆಗ ಸರಿಯಾಗಿ ಕೂತ್ಕೊಂಡ್ರೆ ಮತ್ತೆ ಹೊರಡುತ್ತೆ." ಇನ್ನೊಂದು ಮಾತನ್ನು ಅವಳು ಹೇಳಲಿಲ್ಲ, ನಾನೇ ಕಂಡೆ. ಆಸ್ಪತ್ರೆ ರಸ್ತೆಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದು ಕಾರು ನಡುರಸ್ತೆಯಲ್ಲಿ ನಿಂತಿರುತ್ತದೆ, ಒಳಗೆ ಜನ ಕೂತೇ ಇರುತ್ತಾರೆ. ಅಂಥ ಕಾರಿಗೆ ಹಿಂದಿನಿಂದ ಬಂದವರು ಹಾರ್ನ್ ಹಾಕುವುದಿಲ್ಲ. ವೇಗ ತಗ್ಗಿಸಿ, ತಲೆಯ ಮೇಲೆ ಟವೆಲೋ ಟೋಪಿಯೋ ಇದ್ದರೆ ತೆಗೆದು, ಬಳಸಿಕೊಂಡು ಹೋಗುತ್ತಾರೆ. ಉಸಿರು ಹೋದವರ ಸೀಟು ಖಾಲಿ ಸೀಟು. ಅದು ಒಳಗಿರುವವರಿಗಿಂತ ಮೊದಲು ಗಾಡಿಗೆ ತಿಳಿಯುತ್ತದೆ.

ಮನೆಯಲ್ಲಿ ನಾನು ಲೈಬ್ರರಿಗೆ ಎಂದು ಹೇಳಿ ಹೋಗುತ್ತಿದ್ದೆ. ಒಂದು ಭಾನುವಾರ ಜವಳಿ ವ್ಯಾಪಾರಿಯೊಬ್ಬರ ಮನೆಯವರ ಜೊತೆ ಭರ್ತಿಗೆ ಹೋಗಿದ್ದೆ. ಅವರ ಎರಡನೆಯ ಮಗಳ ಸೀಟು, ಬಲಗಡೆಯ ಕಿಟಕಿ. ರೈಲ್ವೆ ಗೇಟು ಹಾಕಿತ್ತು. ಪಕ್ಕದಲ್ಲಿ ಬಂದು ನಿಂತ ಗಾಡಿ ನೇರಳೆ ಬಣ್ಣದ್ದು. ಮುಂದಿನ ಸೀಟಿನಲ್ಲಿ ಅಪ್ಪ ಇದ್ದರು. ನಾವಿಬ್ಬರೂ ಒಂದು ಮೊಳದ ಅಂತರದಲ್ಲಿ ಎರಡು ಗಾಜುಗಳ ಆಚೀಚೆ ಕೂತಿದ್ದೆವು. ಅಣ್ಣ, ಅಮ್ಮ, ಅತ್ತಿಗೆ ಏನೋ ಹೇಳಿಕೊಂಡು ನಗುತ್ತಿದ್ದರು, ಅವರಿಗೆ ಕಾಣಲಿಲ್ಲ. ಅಪ್ಪನಿಗೆ ಕಂಡಿತು. ಅವರು ಕೈ ಎತ್ತಲು ಹೋಗಿ ಕಿಟಕಿಯ ಗಾಜನ್ನು ಒರೆಸಿದರು. ಗೂಡ್ಸ್ ರೈಲು ಬಹಳ ಉದ್ದವಿತ್ತು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ, "ಲೈಬ್ರರಿ ಭಾನುವಾರವೂ ಇರುತ್ತಾ?" ಎಂದರು. "ಇರುತ್ತೆ," ಎಂದೆ. "ಹ್ಞೂ," ಎಂದು ತಮ್ಮ ತಟ್ಟೆಯಲ್ಲಿದ್ದ ಹಪ್ಪಳವನ್ನು ಮುರಿದು ಅರ್ಧ ನನ್ನ ತಟ್ಟೆಗೆ ಹಾಕಿದರು. ನಾನು ಅದನ್ನು ತಿನ್ನಲಿಲ್ಲ. ತಿನ್ನದೆ ಇದ್ದದ್ದನ್ನು ಅವರು ನೋಡಿದರು. ಡೈರಿಯಲ್ಲಿ ಇದನ್ನು ಬರೆದಿದ್ದೇನೆ, ಹರಿದಿಲ್ಲ.

ಗಾಡಿ ಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅತ್ತಿಗೆ ಬಸುರಿ, ಏಳನೆಯ ತಿಂಗಳಲ್ಲಿ ಅವಳನ್ನು ತವರಿನವರು ಬಂದು ಕರೆದುಕೊಂಡು ಹೋದರು. ಅಪ್ಪನಿಗೆ ಅಷ್ಟರಲ್ಲಿ ಎದೆಯ ತೊಂದರೆ ಕಾಣಿಸಿಕೊಂಡು, ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸಬೇಕಾಗಿತ್ತು. ಆ ಗುರುವಾರವೂ ಅದಕ್ಕೇ ಹೋಗಬೇಕಿತ್ತು. ಗಾಡಿಯಲ್ಲಿ ಮೂವರಾಗುತ್ತಿದ್ದರು. ನನಗೆ ಅದು ಗೊತ್ತಿತ್ತು. ಬೆಳಿಗ್ಗೆ ಎಲ್ಲರೂ ಕಾಫಿ ಕುಡಿಯುವಾಗ, ಯಾರಾದರೂ "ವನಜಾ, ನೀನು ಬಾ" ಎನ್ನಲಿ ಎಂದು ಲೋಟ ತೊಳೆಯುತ್ತಾ ಬೇಕೆಂದೇ ತಡಮಾಡಿದೆ. ಅಮ್ಮ ಮಾತ್ರೆಗಳ ಹಾಳೆ ಹುಡುಕುತ್ತಿದ್ದಳು. ಅಣ್ಣ ಟೈರಿಗೆ ಗಾಳಿ ನೋಡುತ್ತಿದ್ದ. ಅಪ್ಪ ನನ್ನ ಕಡೆ ನೋಡಿ ಬಾಯಿ ತೆರೆದರು, ಮತ್ತೆ ಪೇಪರ್ ಎತ್ತಿಕೊಂಡರು. ನಾನು "ಲೈಬ್ರರಿಗೆ ಹೋಗ್ತೀನಿ" ಎಂದು ಹೊರಟೆ.

ಕಟ್ಟೆಯಲ್ಲಿ ಅಂದು ನಾಲ್ಕೈದು ಜನರಿದ್ದೆವು. ಸಾಕಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. ಹತ್ತೂವರೆಯ ಹೊತ್ತಿಗೆ ಮೂಲೆಯ ಸೈಕಲ್ ಅಂಗಡಿ ದಾಟಿ ಅಪ್ಪ ಒಬ್ಬರೇ ನಡೆದು ಬರುವುದು ಕಂಡಿತು. ಹೆಗಲ ಮೇಲೆ ಟವೆಲು, ಕಂಕುಳಲ್ಲಿ ಎಕ್ಸ್‌ರೇಯ ದೊಡ್ಡ ಕವರು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನನಗೆ ಓಡಿಹೋಗಬೇಕೆನ್ನಿಸಿತು. ಓಡಲು ಜಾಗವಿರಲಿಲ್ಲ, ಹಿಂದೆ ಗೋಡೆ.

"ಬನ್ನಿ ಯಜಮಾನ್ರೇ. ಎಷ್ಟು ಜನ ಬೇಕು?" ಎಂದಳು ಸಾಕಮ್ಮ.

"ಒಬ್ರು ಸಾಕು," ಎಂದರು ಅಪ್ಪ. ಉಸಿರು ಹಿಡಿದುಕೊಂಡು, ಕಟ್ಟೆಯ ಕಲ್ಲನ್ನು ನೋಡುತ್ತಾ ಹೇಳಿದರು. "ಸೊಸೆ ತವರಿಗೆ ಹೋಗಿದ್ದಾಳೆ. ಮಗಳು ಮನೇಲಿಲ್ಲ, ಲೈಬ್ರರಿಗೆ ಹೋಗಿದ್ದಾಳೆ. ಓದೋ ಹುಡುಗಿ. ಅದಕ್ಕೆ..."

"ಗಂಡಸರು ಬೇಕೋ, ಹೆಂಗಸರೋ?"

"ಸುಮ್ನೆ ಕೂರೋರು ಯಾರಾದ್ರೂ ಆಗ್ಬಹುದು," ಎಂದು ಅಪ್ಪ ಆಗ ನನ್ನನ್ನು ನೋಡಿದರು.

ಸಾಕಮ್ಮನ ಕೈ ಕಡಲೆಕಾಯಿಯ ಮೇಲೆ ನಿಂತಿತು. ಅವಳಿಗೆ ಗೊತ್ತಾಗಿರಬೇಕು, ನಮ್ಮಿಬ್ಬರ ಮೂಗೂ ಒಂದೇ. ನಾನು ಎದ್ದೆ, ಸೆರಗಿನ ಧೂಳು ಕೊಡವಿದೆ. "ನಾನು ಬರ್ತೀನಿ," ಎಂದೆ. ಆಮೇಲೆ ಬೇರೆ ಯಾರಿಗಾದರೂ ಕೇಳುವ ಹಾಗೆಯೇ, ಹದಿನಾಲ್ಕು ತಿಂಗಳ ಸಿಟ್ಟನ್ನೆಲ್ಲ ಆ ಎರಡು ಪದಗಳಲ್ಲಿ ಮಡಿಸಿಟ್ಟು ಕೇಳಿದೆ. "ಯಾವ ಸೀಟು?"

ಅಪ್ಪ ಎಕ್ಸ್‌ರೇಯ ಕವರನ್ನು ಇನ್ನೊಂದು ಕಂಕುಳಿಗೆ ಬದಲಿಸಿದರು. "ನನ್ನ ಹಿಂದಿನದು," ಎಂದರು.

ಗಾಡಿಯನ್ನು ಅಣ್ಣ ಮತ್ತು ಒಬ್ಬ ನೆರೆಯವರು ಮನೆಯ ಗೇಟಿನಿಂದ ಹೊರಕ್ಕೆ ತಳ್ಳಿ ರಸ್ತೆಯಲ್ಲಿ ನಿಲ್ಲಿಸಿದ್ದರು. ನಮ್ಮಿಬ್ಬರನ್ನೂ ಒಟ್ಟಿಗೆ ಕಂಡು ಅಣ್ಣ, "ಏನೇ, ಲೈಬ್ರರಿ ಇಲ್ವಾ ಇವತ್ತು?" ಎಂದ. "ದಾರೀಲಿ ಸಿಕ್ಕಿದ್ಲು," ಎಂದರು ಅಪ್ಪ. "ಸಿಕ್ಕಿದ್ದು ಒಳ್ಳೇದಾಯ್ತು. ಹತ್ತು ಹತ್ತು, ಡಾಕ್ಟರು ಹನ್ನೊಂದಕ್ಕೆಲ್ಲ ಎದ್ದುಬಿಡ್ತಾರೆ," ಎಂದಳು ಅಮ್ಮ. ನಾನು ಮೊದಲ ಸಲ ನಮ್ಮ ಗಾಡಿ ಹತ್ತಿದೆ. ಅದು ನಾನಂದುಕೊಂಡದ್ದಕ್ಕಿಂತ ತಗ್ಗಾಗಿತ್ತು, ಬಾವಿಗೆ ಇಳಿದ ಹಾಗೆ. ಸೀಟಿನ ಸಂದಿಯಲ್ಲಿ ಅತ್ತಿಗೆಯ ಒಂದು ಹೇರ್‌ಪಿನ್ನು ಸಿಕ್ಕಿತು. ಅಮ್ಮ ಇಟ್ಟ ಏಲಕ್ಕಿಯ ವಾಸನೆ, ಅಪ್ಪನ ನಶ್ಯದ ವಾಸನೆ, ಯಾವುದೋ ಭಾನುವಾರದ ಕಿತ್ತಳೆ ಸಿಪ್ಪೆಯ ವಾಸನೆ. ನಾನಿಲ್ಲದ ಹದಿನಾಲ್ಕು ತಿಂಗಳು ಅಲ್ಲಿ ಕೂತಿತ್ತು. ಚೀಲ ಕಾಲ ಬಳಿ ಇಟ್ಟೆ, ಬೆನ್ನು ಸೀಟಿಗೆ ಒರಗಿಸಿದೆ. ಬಾಗಿಲು ಮುಚ್ಚಿತು. ಒಳಗಿನಿಂದ ಆ ಸದ್ದು ಕೇಳಿಸಲೇ ಇಲ್ಲ.

ಕೀ ತಿರುಗಿಸಿದ್ದೇ ತಡ, ಗಾಡಿ ಹೊರಟಿತು. ನನ್ನನ್ನೂ ಒಪ್ಪಿತು.

ಅಣ್ಣ ಚೆನ್ನಾಗಿ ಓಡಿಸುತ್ತಾನೆ. ಪೇಟೆ ದಾಟಿ ಕೆರೆಯ ಏರಿಗೆ ಬಂದ ಮೇಲೆ, "ನೋಡ್ತಿರು ಈಗ," ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿ ವೇಗ ಹೆಚ್ಚಿಸಿದ. ಏರು ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ತಿಳಿಯಲಿಲ್ಲ. "ಹೆಂಗೆ?" ಎಂದ. "ಚೆನ್ನಾಗಿದೆ," ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಇದನ್ನೇ ತೆಗೆದುಕೊಳ್ಳಬೇಕು ಎಂದು ಅವನು ಹಟ ಹಿಡಿದದ್ದು ಯಾಕೆಂದು ಆಗ ಅರ್ಥವಾಯಿತು. "ನಿಧಾನ ಕಣೋ, ಡಿಕ್ಕೀಲಿ ತೆಂಗಿನಕಾಯಿ ಇದೆ, ಅತ್ತೆ ಮನೆಗೆ ಕೊಡ್ಬೇಕು," ಎಂದಳು ಅಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನ ಕಣ್ಣ ಮುಂದೆ ಅಪ್ಪನ ಕುತ್ತಿಗೆ ಇತ್ತು, ಅಲ್ಲಿನ ಕೂದಲು ಯಾವಾಗ ಅಷ್ಟು ಬೆಳ್ಳಗಾಯಿತೋ ಗೊತ್ತಿಲ್ಲ.

ಆಸ್ಪತ್ರೆ ರಸ್ತೆಗೆ ಹೊರಳಿದ ಮೇಲೆ ಅಪ್ಪ ಅರ್ಧ ತಿರುಗಿದರು. ಪೂರ್ತಿ ತಿರುಗಲು ಆಗಲಿಲ್ಲ, ಕೆನ್ನೆ ಮತ್ತು ಒಂದು ಕಣ್ಣು ಮಾತ್ರ ಕಾಣಿಸಿತು.

"ಐದರದ್ದೇ ತಗೋಬೇಕಿತ್ತು ಕಣಮ್ಮ," ಎಂದರು.

"ಈಗ್ಯಾಕಪ್ಪಾ ಆ ಮಾತು," ಎಂದ ಅಣ್ಣ.

"ಇಲ್ಲ, ತಗೋಬೇಕಿತ್ತು. ನಾನು ತಪ್ಪು ಎಣಿಸಿದೆ."

ನನ್ನ ಗಂಟಲಿಗೆ ಎರಡು ಮಾತು ಒಟ್ಟಿಗೆ ಬಂದವು. ಇರಲಿ ಬಿಡಿ ಅಪ್ಪ, ಎಂಬುದು ಒಂದು. ಹೌದು, ತಗೋಬೇಕಿತ್ತು, ಎಂಬುದು ಇನ್ನೊಂದು. ಮನೆಯವರು ಮಾತಾಡುವಾಗ ಬಾಯಿ ಹಾಕಬಾರದು ಎಂದಿದ್ದಳು ಸಾಕಮ್ಮ, ನಾನು ಮಂಡಿ ನೋಡುತ್ತಾ ಕೂತೆ. ವಾಪಸು ಬರುವಾಗ ಹೇಳಿದರಾಯಿತು, ಅಷ್ಟರಲ್ಲಿ ಎರಡರಲ್ಲಿ ಒಂದು ಉಳಿದಿರುತ್ತದೆ ಎಂದುಕೊಂಡೆ. ಅಪ್ಪ ಒಂದಿಷ್ಟು ಹೊತ್ತು ಹಾಗೇ ಕಾದರು. ಆಮೇಲೆ ಮುಂದಕ್ಕೆ ತಿರುಗಿ, ತಲೆಯನ್ನು ಕಿಟಕಿಗೆ ಆನಿಸಿದರು.

ಇಟ್ಟಿಗೆ ಗೂಡುಗಳ ಹತ್ತಿರ ಗಾಡಿ ನಿಧಾನವಾಯಿತು. ಅಣ್ಣ ಕಾಲಿನಲ್ಲಿ ಒತ್ತಿದ. ಅದು ಇನ್ನೂ ನಿಧಾನವಾಯಿತು. ಯಾವ ಜರ್ಕೂ ಇಲ್ಲದೆ, ಯಾರೋ ಕೈ ಹಿಡಿದು ಬದಿಗೆ ಕರೆದ ಹಾಗೆ, ನಡುರಸ್ತೆಯಲ್ಲಿ ನಿಂತಿತು. ಎಂಜಿನ್ ಆರಿತು. ಅಣ್ಣ ಕೀ ತಿರುಗಿಸಿದ. ಮತ್ತೆ ತಿರುಗಿಸಿದ. ಪೆಟ್ರೋಲ್ ಮುಳ್ಳು ನೋಡಿದ, ಅದು ಮೇಲೇ ಇತ್ತು. ಎಡಗಡೆಗೆ ಮಾತ್ರ ನೋಡಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ನೇರ ರಸ್ತೆಯನ್ನೇ ನೋಡುತ್ತಾ, ಓಟ ಶುರುವಾಗುವ ಸಿಳ್ಳೆಗೆ ಕಾಯುವವನ ಹಾಗೆ ಕೂತ.

ಹಿಂದೆ ಒಂದು ಲಾರಿ ಬರುತ್ತಿತ್ತು. ಇನ್ನೇನು ಹಾರ್ನ್ ಹಾಕುತ್ತಾನೆ, ಹಾಕಲಿ, ಒಂದು ಸಲ ಹಾಕಲಿ ಎಂದು ನಾನು ಕಾದೆ. ಅವನು ಹಾಕಲಿಲ್ಲ. ವೇಗ ತಗ್ಗಿಸಿದ. ನಮ್ಮನ್ನು ಬಳಸಿಕೊಂಡು ಹೋಗುವಾಗ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡ. ಹೊರಗಿನಿಂದ ನೋಡಿದವರಿಗೆ ನಮ್ಮ ಗಾಡಿ ಆಗಲೂ ಓಡುತ್ತಿರುವ ಹಾಗೆಯೇ ಕಂಡಿರಬೇಕು.

ಅಪ್ಪನ ಹೆಗಲಿನ ಟವೆಲು ಜಾರಿ ಸೀಟಿನ ಸಂದಿಯಲ್ಲಿ ನನ್ನ ಕಡೆಗೆ ಇಳಿದಿತ್ತು. ಅಮ್ಮ ಅದನ್ನು ನೋಡಿದಳು. ಮುಂದಿನ ಸೀಟನ್ನು ನೋಡಲಿಲ್ಲ. ನನ್ನ ಕಡೆ ತಿರುಗಿದಳು. ಅವಳ ದನಿಯಲ್ಲಿ, ಚಿಕ್ಕಂದಿನಲ್ಲಿ ಹೋಂವರ್ಕಿಗೆ ಕೂರಿಸುವಾಗಿನ ಅದೇ ಗದರಿಕೆ ಇತ್ತು.

"ವನಜಾ, ನೀನು ಸರಿಯಾಗಿ ಕೂತಿಲ್ಲ."

ನಾನು ಬೆನ್ನನ್ನು ಸೀಟಿಗೆ ಒತ್ತಿದೆ. ಪಾದ ಎರಡನ್ನೂ ಜೋಡಿಸಿ ನೆಲದ ಮೇಲೆ ಇಟ್ಟೆ. ಕಾಲ ಬಳಿಯ ಚೀಲವನ್ನು ಇನ್ನೂ ದೂರ ಸರಿಸಿದೆ. ಎದ್ದು ಹೋಗುವ ಯೋಚನೆ ಏನಾದರೂ ಮನಸ್ಸಿನಲ್ಲಿ ಇದೆಯೇ ಎಂದು ಹುಡುಕಿದೆ, ಇರಲಿಲ್ಲ. ಅಷ್ಟು ಪೂರ್ತಿಯಾಗಿ ನಾನು ಎಂದೂ ಎಲ್ಲಿಯೂ ಕೂತಿರಲಿಲ್ಲ. ಅಣ್ಣ ಕೀ ತಿರುಗಿಸಿದ. ಗಾಡಿ ಅಲ್ಲಾಡಲಿಲ್ಲ.

"ಇನ್ನೂ ಸರಿಯಾಗಿ ಕೂತ್ಕೊ," ಎಂದಳು ಅಮ್ಮ.

ನಾನು ಇನ್ನೂ ಸರಿಯಾಗಿ ಕೂತೆ.